ಕಂಬದ ಮೇಲೆ ಪೈಲ್ವಾನ, ಗಲ್ಲಾದ ಹಿಂದೆ ಶುಗರು!

ರಾಜಕಾರಣಿಗಳ ಹುಟ್ಟುಹಬ್ಬದ ಫ್ಲೆಕ್ಸಿಗೆ ಕಾರವಾರ, ಅಂಕೋಲೆಯ ಪೇಟೆಯಲ್ಲಿ ಈಗ ಪೈಪೋಟಿ ಕೊಡುವವರು ಯಾರಾದರೂ ಇದ್ದರೆ ಅದು ಜಿಮ್ಮಿನವರು. ಕರೆಂಟಿನ ಕಂಬ, ಬಸ್ ನಿಲ್ದಾಣದ ಸುತ್ತಲಿನ ಗೋಡೆ, ರಿಕ್ಷಾದ ಬೆನ್ನು, ಎಲ್ಲೆಂದರಲ್ಲಿ ಅಂಗಿ ಬಿಚ್ಚಿದ ಪೈಲ್ವಾನ. ಅವನ ತೋಳು ನಮ್ಮ ನಿಮ್ಮ ತೊಡೆಯಷ್ಟು ದಪ್ಪ. ಮುಖ ನೋಡಿದರೆ ನಮ್ಮ ಊರಿನವನಲ್ಲ, ನಮ್ಮ ದೇಶದವನೂ ಅಲ್ಲ. ಕೆಳಗೆ ಒಂದು ಮೊಬೈಲ್ ನಂಬರು, ಮೇಲೆ ಕೆಂಪು ಅಕ್ಷರದಲ್ಲಿ ‘ಆಫರ್’. ತಿಂಗಳಿಗೆ ಎಷ್ಟು? ಬರೆದಿಲ್ಲ. ಕಲಿಸುವವರು ಯಾರು? ಬರೆದಿಲ್ಲ. ಹೆಂಗಸರಿಗೆ ಯಾವ ಹೊತ್ತು? ಅದೂ ಇಲ್ಲ.

ಜಿಮ್ಮೇ ಬೇಡ ಎಂದು ಹೇಳಲು ಈ ಅಂಕಣ ಹೊರಟಿಲ್ಲ. ಊರಿಗೆ ಜಿಮ್ ಬಂದದ್ದು ಒಳ್ಳೆಯದೇ. ನಮ್ಮ ತಕರಾರು ಅದರ ಜಾಹೀರಾತಿನ ಮೇಲೆ. ಯಾರಿಗೆ ವ್ಯಾಯಾಮದ ಅಗತ್ಯ ಎಲ್ಲರಿಗಿಂತ ಹೆಚ್ಚೋ ಅವರನ್ನು ಅದು ಕರೆಯುವುದೇ ಇಲ್ಲ. ಯಾರನ್ನು ಕರೆಯುತ್ತದೋ ಅವರಿಗೆ ತಿಳಿಯಬೇಕಾದ್ದನ್ನು ತಿಳಿಸುವುದಿಲ್ಲ. ಈ ಎರಡು ಮಾತನ್ನು ಇಂದು ಬಿಡಿಸಿ ನೋಡೋಣ. ಪತ್ರಿಕೆಗಳೂ ಜಾಹೀರಾತಿನ ದುಡ್ಡಿನಲ್ಲೇ ನಡೆಯುವುದು ನಿಜ. ಹಾಗೆಂದು ಬಾಯಿಗೆ ಬೀಗ ಹಾಕಿ ಕೂರಲಾದೀತೇ?

ಬೇಕಾದವನು ಯಾರು?

ಬೆಳಿಗ್ಗೆ ಒಂಬತ್ತಕ್ಕೆ ಶಟರ್ ಎತ್ತಿ ಕೂತ ಅಂಗಡಿಕಾರ ರಾತ್ರಿ ಒಂಬತ್ತಕ್ಕೆ ಎದ್ದರೆ ಎದ್ದ. ನಡುವೆ ಮಧ್ಯಾಹ್ನ ಬಾಗಿಲು ಹಾಕಿ ಮನೆಗೆ ಹೋದರೆ ಮೀನು ಸಾರು, ಕುಚ್ಚಲಕ್ಕಿ ಅನ್ನ, ಆಮೇಲೆ ಒಂದು ನಿದ್ದೆ. ಸಂಜೆ ಗಿರಾಕಿಯ ಜೊತೆ ಚಾ, ಚಾದ ಜೊತೆ ಬನ್ಸ್. ನಲವತ್ತು ದಾಟುವ ಹೊತ್ತಿಗೆ ಹೊಟ್ಟೆ ಗಲ್ಲಾಪೆಟ್ಟಿಗೆಗೆ ತಾಗುತ್ತದೆ. ಐವತ್ತಕ್ಕೆ ಶುಗರಿನ ಗುಳಿಗೆ ಡ್ರಾಯರಿಗೆ ಬಂದು ಕೂರುತ್ತದೆ.

ಇನ್ನು ದಿನಾ ಬಸ್ಸಿನಲ್ಲಿ ಓಡಾಡುವವರ ಕತೆ. ಅಂಕೋಲೆಯಿಂದ ಕಾರವಾರಕ್ಕೆ ಸುಮಾರು 35 ಕಿ.ಮೀ. ಅವರ್ಸಾ, ಅಮದಳ್ಳಿ, ಅರ್ಗಾ, ಬಿಣಗಾ ದಾಟಿ ಕಚೇರಿ ಸೇರಿ, ಸಂಜೆ ಅದೇ ದಾರಿಯಲ್ಲಿ ವಾಪಸು. ಕಾಯುವುದೂ ಸೇರಿದರೆ ದಿನಕ್ಕೆ ಎರಡು ತಾಸಿಗೆ ಕಡಿಮೆಯಿಲ್ಲ. ಕಚೇರಿಯಲ್ಲಿ ಕುರ್ಚಿ, ಬಸ್ಸಿನಲ್ಲಿ ಸೀಟು, ಮನೆಯಲ್ಲಿ ಟಿ.ವಿ. ಸೊಂಟ ನೋವು ಬರದೆ ಇನ್ನೆಂತ ಬಂದೀತು?

ಲೆಕ್ಕ ನೋಡಿ. ಕೇಂದ್ರ ಸರಕಾರದ 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ ನಡೆದದ್ದು 2019ರ ಸುಮಾರಿಗೆ. 15ರಿಂದ 49 ವಯಸ್ಸಿನವರಲ್ಲಿ, ಹೆಂಗಸರಿರಲಿ ಗಂಡಸರಿರಲಿ, ನೂರಕ್ಕೆ ಸುಮಾರು 30 ಜನರಿಗೆ ತೂಕ ಹೆಚ್ಚು ಎಂದು ಅದು ಹೇಳಿತು. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ. ಪಟ್ಟಿಯಲ್ಲಿ ಮೊದಲ ಸ್ಥಾನ ಯಾವ ರಾಜ್ಯಕ್ಕೆ ಗೊತ್ತೇ? ಕಾಳಿ ನದಿ ದಾಟಿ ಮಾಜಾಳಿಯ ಆಚೆಗಿರುವ ಗೋವಾಕ್ಕೆ, ನೂರಕ್ಕೆ 26ರ ಮೇಲೆ! ನಮ್ಮ ತಾಟಿಗೂ ಗೋವಾದ ತಾಟಿಗೂ ಎಷ್ಟು ವ್ಯತ್ಯಾಸ ಇದೆ ಎಂಬುದು ಕಾರವಾರದವರಿಗೆ ಹೇಳಬೇಕಿಲ್ಲ.

ಮೇಲಾಗಿ ನಮ್ಮದು ಎಂಥ ಜಿಲ್ಲೆ? ಸುಸಜ್ಜಿತ ಆಸ್ಪತ್ರೆ ಕೊಡಿ ಎಂದು 2019ರಲ್ಲಿ ಜನ ಮೊಬೈಲ್ ಹಿಡಿದು ಚಳವಳಿ ಮಾಡಿದ ಜಿಲ್ಲೆ. 2022ರಲ್ಲಿ ಅದೇ ಕೂಗು ಮತ್ತೆ ಎದ್ದಿತು. ಎದೆ ಹಿಡಿದುಕೊಂಡರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡುವವರು ಇಂದಿಗೂ ಕಡಿಮೆಯಾಗಿಲ್ಲ. ಇಂಥ ಕಡೆ ಕಾಯಿಲೆ ಬಾರದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಆಸ್ಪತ್ರೆ. ವಾರಕ್ಕೆ 150 ನಿಮಿಷವಾದರೂ ಮೈ ಬಿಸಿಯಾಗುವಷ್ಟು ನಡಿಗೆ ಅಥವಾ ವ್ಯಾಯಾಮ, ಎರಡು ದಿನ ಸ್ನಾಯುಗಳಿಗೆ ಕೆಲಸ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಅಂಗಡಿಕಾರನಿಗೂ ಹೊಂದುತ್ತದೆ, ಬಸ್ಸಿನ ಪ್ರಯಾಣಿಕನಿಗೂ ಹೊಂದುತ್ತದೆ. ಆದರೆ ಕಂಬದ ಮೇಲಿನ ಪೈಲ್ವಾನ ಇವರತ್ತ ತಿರುಗಿಯೂ ನೋಡುವುದಿಲ್ಲ.

ರಂಪಣಿ ಮತ್ತು ಗಾಳ

ಯಾಕೆ ನೋಡುವುದಿಲ್ಲ? ಕಡಲ ದಂಡೆಯ ಜನಕ್ಕೆ ಇದನ್ನು ತಿಳಿಸುವುದು ಸುಲಭ. ಜಾಹೀರಾತಿನಲ್ಲಿ ಎರಡು ಜಾತಿ. ಒಂದು ರಂಪಣಿ ಬಲೆ, ಇನ್ನೊಂದು ಗಾಳ. ಫ್ಲೆಕ್ಸು, ಪೇಪರಿನೊಳಗೆ ಮಡಚಿ ಬರುವ ಕರಪತ್ರ, ರಿಕ್ಷಾದ ಮೈಕು, ಇವೆಲ್ಲ ರಂಪಣಿ. ದಂಡೆಯಿಂದ ದಂಡೆಗೆ ಬೀಸಿ ಎಳೆಯುವುದು. ಬಂಗಡೆ ಬರಲಿ, ತಾರ್ಲೆ ಬರಲಿ, ಬಂದದ್ದು ಬಂತು.

ಮೊಬೈಲಿನಲ್ಲಿ ಬರುವುದು ಗಾಳ. ಫೇಸ್‌ಬುಕ್, ಇನ್‌ಸ್ಟಾಗ್ರಾಮಿಗೆ ದುಡ್ಡು ಕಟ್ಟಿದರೆ ಅವರು ಮಾಲೀಕನನ್ನು ಕೇಳುತ್ತಾರೆ: ಯಾವ ಊರಿನ ಸುತ್ತ ಎಷ್ಟು ದೂರದವರಿಗೆ ತೋರಿಸಬೇಕು? ಯಾವ ವಯಸ್ಸು? ಗಂಡಸರೋ ಹೆಂಗಸರೋ? ಯಾವುದರಲ್ಲಿ ಆಸಕ್ತಿ ಇದ್ದವರು? ದಿನಕ್ಕೆ ನೂರಿನ್ನೂರು ರೂಪಾಯಿಯಿಂದಲೂ ಶುರುಮಾಡಬಹುದು. 18ರಿಂದ 35ರ ಗಂಡು ಹುಡುಗರು, ದೇಹದಾರ್ಢ್ಯದ ವಿಡಿಯೋ ನೋಡುವವರು ಎಂದು ಗುರುತು ಹಾಕಿದರೆ ಮುಗಿಯಿತು. ಬಸ್ಸಿನಲ್ಲಿ ಕೂತು ಒಮ್ಮೆ ಒಬ್ಬ ಪೈಲ್ವಾನನ ರೀಲ್ಸ್ ನೋಡಿದಿರೋ, ಬಿಣಗಾ ಬರುವುದರೊಳಗೆ ಜಿಮ್ಮಿನ ಜಾಹೀರಾತು ನಿಮ್ಮ ಬೆರಳ ಕೆಳಗೆ!

ಇದರಲ್ಲಿ ಮಾಟ ಮಂತ್ರ ಇಲ್ಲ, ವ್ಯಾಪಾರ. ಆದರೆ ಪರಿಣಾಮ ನೋಡಿ. ವ್ಯಾಯಾಮದ ಹುಚ್ಚು ಮೊದಲೇ ಇದ್ದವನಿಗೆ ಜಾಹೀರಾತು ಹತ್ತು ಸಲ ಬರುತ್ತದೆ. ಆ ಕಡೆ ಕಣ್ಣೆತ್ತಿಯೂ ನೋಡದ, ನಿಜವಾಗಿ ಅಗತ್ಯ ಇದ್ದ ಐವತ್ತರ ಕಿರಾಣಿ ಅಂಗಡಿಕಾರನಿಗೆ ಒಮ್ಮೆಯೂ ಬರುವುದಿಲ್ಲ. ತಿಂಗಳ ಸಂಬಳ ಖಾತೆಗೆ ಬೀಳುವ ನೌಕಾನೆಲೆಯ ಸಿಬ್ಬಂದಿ, ಕೈಗಾದ ನೌಕರ, ಮೆಡಿಕಲ್ ಕಾಲೇಜಿನ ಹುಡುಗ, ಮದುವೆ ನಿಶ್ಚಯವಾದ ಗಂಡು, ಪೊಲೀಸ್ ಕೆಲಸಕ್ಕೆ ತಯಾರಿ ನಡೆಸಿದ ಅಂಕೋಲೆ ಹಳ್ಳಿಯ ತರುಣ, ಗಾಳದ ತುದಿಯ ಹುಳು ಇವರಿಗೆ.

ಅದರಲ್ಲೂ ಪೊಲೀಸ್ ಕೆಲಸದ ಕನಸು ಕಂಡ ಹುಡುಗರಿಗೆ ಒಂದು ಮಾತು. ರಾಜ್ಯದ ಸಿವಿಲ್ ಪೊಲೀಸ್ ಕಾನ್ಸ್‌ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಗಂಡಸರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಆಮೇಲೆ ಜಿಗಿತ, ಗುಂಡು ಎಸೆತ. ಕನ್ನಡಿ ಎದುರು ತೋಳು ಉಬ್ಬಿಸಿದ್ದಕ್ಕೆ ಅಲ್ಲಿ ಅಂಕ ಇಲ್ಲ. ಓಡುವುದಕ್ಕೆ ಅಂಕೋಲೆಯ ಜೈಹಿಂದ್ ಮೈದಾನ ಇದೆ, ಕಾರವಾರದ ಮಾಲಾದೇವಿ ಮೈದಾನ ಇದೆ, ಟಾಗೋರ್ ಕಡಲತೀರದ ಮರಳು ಇದೆ. ಜಿಮ್ ಸಹಾಯ ಮಾಡೀತು, ಸುಳ್ಳಲ್ಲ. ಆದರೆ ನೇಮಕಾತಿಯ ಆಸೆ ಹುಟ್ಟಿಸಿ ವರ್ಷದ ದುಡ್ಡು ಮುಂಗಡ ಕೇಳುವ ಜಾಹೀರಾತು ಬಂದರೆ ಹುಡುಗನ ಅಪ್ಪ ಈ ಲೆಕ್ಕವನ್ನು ನೆನಪಿಡಲಿ.

ಅಯ್ಯರರು ಮಾಡಿದ ಪ್ರಚಾರ

ಜಿಮ್ಮಿಗೆ ಜಾಹೀರಾತು ಎಂಬುದು ಮೊನ್ನೆ ಮೊನ್ನೆ ಹುಟ್ಟಿದ್ದಲ್ಲ. ನಮ್ಮ ಕನ್ನಡದಲ್ಲೇ ಅದಕ್ಕೆ ದೊಡ್ಡ ಉದಾಹರಣೆ ಇದೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿ ಬರೆದ ಕೆ.ವಿ. ಅಯ್ಯರರ ಹೆಸರು ಓದುವ ಹವ್ಯಾಸ ಇದ್ದವರಿಗೆ ಗೊತ್ತು. ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ದೇಹದಾರ್ಢ್ಯಪಟು ಎಂಬುದು ಎಷ್ಟು ಜನರಿಗೆ ಗೊತ್ತು? ನಾಟಕದ ಕೈಲಾಸಂ ಅವರ ಗೆಳೆಯರು. 1930ರ ದಶಕದಲ್ಲೇ ಅಯ್ಯರರು ಇಂಗ್ಲಿಷಿನಲ್ಲಿ ವ್ಯಾಯಾಮದ ಪುಸ್ತಕ ಬರೆದು, ತಮ್ಮದೇ ಮೈಕಟ್ಟಿನ ಫೋಟೋ ಅಚ್ಚು ಹಾಕಿಸಿ, ಅಂಚೆಯ ಮೂಲಕ ಪಾಠ ಹೇಳುವ ವ್ಯವಸ್ಥೆ ಮಾಡಿದವರು. ವ್ಯಾಯಾಮದ ಜೊತೆಗೆ ಯೋಗಾಸನವನ್ನೂ ಸೇರಿಸಿ ಕಲಿಸಿದರು.

ಅವರ ಪ್ರಚಾರದಲ್ಲಿ ಹೊಗಳಿಕೆಗೆ ಕೊರತೆ ಇರಲಿಲ್ಲ. ತಮ್ಮ ದೇಹವನ್ನು ತಾವೇ ಧಾರಾಳವಾಗಿ ಹೊಗಳಿಕೊಂಡವರು ಅಯ್ಯರರು. ಆದರೂ ಒಂದು ವ್ಯತ್ಯಾಸ ಇತ್ತು. ಫೋಟೋದಲ್ಲಿ ಇದ್ದದ್ದು ಕಲಿಸುವವರದೇ ಮೈ, ಕೆಳಗೆ ಇದ್ದದ್ದು ಅವರದೇ ಹೆಸರು. ಕಲಿತು ಪ್ರಯೋಜನ ಆಗದಿದ್ದರೆ ಕೇಳಲು ಒಂದು ವಿಳಾಸ ಇತ್ತು. ಇಂದಿನ ಫ್ಲೆಕ್ಸಿನ ಪೈಲ್ವಾನ ಇಂಟರ್ನೆಟ್ಟಿನಿಂದ ಇಳಿಸಿಕೊಂಡವನು. ಆತ ನಮ್ಮ ಕೋಡಿಬಾಗಕ್ಕೂ ಬಂದವನಲ್ಲ, ಕೇಣಿಗೂ ಬಂದವನಲ್ಲ. ಅವನ ಮೈ ನೋಡಿ ದುಡ್ಡು ಕಟ್ಟಿದವನಿಗೆ ಕಲಿಸುವವರು ಬೇರೆ. ಅವರು ಎಲ್ಲಿ ಕಲಿತರು, ಎಷ್ಟು ವರ್ಷ ಕಲಿಸಿದ್ದಾರೆ, ಯಾರಿಗೂ ತಿಳಿಯದು.

ನಾಚಿಕೆ ಮಾರುವ ಕಲೆ

ಅತ್ತ ಅಮೇರಿಕದಲ್ಲಿ ಅದೇ ಕಾಲಕ್ಕೆ ಚಾರ್ಲ್ಸ್ ಅಟ್ಲಾಸ್ ಎಂಬಾತ ಅಂಚೆಯಲ್ಲೇ ವ್ಯಾಯಾಮ ಮಾರಿ ಜಗತ್ಪ್ರಸಿದ್ಧನಾದ. ಇಟಲಿಯಿಂದ ಹೋಗಿ ನೆಲೆಸಿದವನು. 1920ರ ದಶಕದ ಕೊನೆಗೆ ಅವನ ಜೊತೆ ಸೇರಿದ ಜಾಹೀರಾತಿನವನೊಬ್ಬ ಚಿತ್ರಕತೆಯಂಥ ಜಾಹೀರಾತು ಮಾಡಿಸಿದ. ಕಡಲ ದಂಡೆಯಲ್ಲಿ ಒಬ್ಬ ನರಪೇತಲ ಹುಡುಗ ಹುಡುಗಿಯ ಜೊತೆ ಕೂತಿದ್ದಾನೆ. ದಾಂಡಿಗನೊಬ್ಬ ಬಂದು ಮುಖಕ್ಕೆ ಮರಳು ಎರಚುತ್ತಾನೆ. ಹುಡುಗನಿಗೆ ಅವಮಾನ. ಅಟ್ಲಾಸನ ಪಾಠ ತರಿಸಿಕೊಂಡು ಗಟ್ಟಿಯಾಗಿ ಬಂದು ದಾಂಡಿಗನಿಗೆ ಬಾರಿಸುತ್ತಾನೆ. ಕತೆ ಮುಗಿಯಿತು, ಕೂಪನ್ ತುಂಬಿ ಕಳಿಸಿ!

ನೂರು ವರ್ಷ ಆಗುತ್ತ ಬಂದರೂ ಮದ್ದು ಅದೇ. ಮೊದಲು ನಾಚಿಕೆ ಹುಟ್ಟಿಸು, ಆಮೇಲೆ ಪರಿಹಾರ ಮಾರು. ಹೊಟ್ಟೆ ಬಂತೇ? ಮದುವೆ ಹತ್ತಿರ ಬಂತೇ? ಹೆರಿಗೆಯಾದ ಮೇಲೆ ದಪ್ಪ ಆದಿರೇ? ಬಾಣಂತನ ಮುಗಿಸಿ ನಿದ್ದೆಗೆಟ್ಟ ಹೆಣ್ಣುಮಗಳನ್ನು ಹೀಗೆ ಕೇಳುವುದಕ್ಕೆ ಮುಖ ಎಲ್ಲಿಂದ ಬರುತ್ತದೋ! ಎಡಕ್ಕೆ ದಪ್ಪ ಫೋಟೋ, ಬಲಕ್ಕೆ ತೆಳು ಫೋಟೋ, ನಡುವೆ ‘90 ದಿನ’ ಎಂಬ ಬಾಣದ ಗುರುತು. ಯಾರ ಫೋಟೋ, ಯಾವ ವರ್ಷದ್ದು, ಊಟ ಬಿಟ್ಟರೋ ವ್ಯಾಯಾಮ ಮಾಡಿದರೋ, ಕೇಳಿದವರಿಲ್ಲ.

ಹೆಂಗಸರ ವಿಷಯದಲ್ಲಿ ಇದು ಇನ್ನೂ ಅನ್ಯಾಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸಿನಲ್ಲಿ ದುಡ್ಡು ಕೊಡದೆ ಓಡಾಡುವ ಅವಕಾಶ ಬಂದ ಮೇಲೆ ಅವರ್ಸಾದ ಹೆಣ್ಣುಮಗಳು ಕಾರವಾರಕ್ಕೂ ಬರಬಲ್ಲಳು, ಅಂಕೋಲೆಗೂ ಹೋಗಬಲ್ಲಳು. ಆಕೆ ಕೇಳುವುದು ಮೂರೇ ಪ್ರಶ್ನೆ. ಹೆಂಗಸರಿಗೇ ಎಂದು ಹೊತ್ತು ಇದೆಯೇ? ಕಲಿಸಲು ಹೆಂಗಸು ಇದ್ದಾರೆಯೇ? ಬಟ್ಟೆ ಬದಲಿಸಲು ಭದ್ರ ಕೋಣೆ ಇದೆಯೇ? ಇದನ್ನು ನಾಲ್ಕು ಸಾಲಿನಲ್ಲಿ ಬರೆದರೆ ಸಾಕು, ಬೆನ್ನು ತೋರಿಸುವ ಪೈಲ್ವಾನ ಬೇಕಾಗಿಲ್ಲ. ಆ ನಾಲ್ಕು ಸಾಲು ಕಂಡ ಫ್ಲೆಕ್ಸು ನಮ್ಮ ಎರಡೂ ಪೇಟೆಯಲ್ಲಿ ಅಪರೂಪ.

ಪಾಸು ಮಾಡಿಸಿ ಮನೆಯಲ್ಲಿ ಕೂತವರು

ಈಗ ದುಡ್ಡಿನ ಮರ್ಮಕ್ಕೆ ಬರೋಣ. ಬಸ್ಸಿನ ತಿಂಗಳ ಪಾಸು ಯಾರಿಗೆ ಲಾಭ? ದಿನಾ ಹೋಗಿ ಬರುವವನಿಗೆ. ಪಾಸು ಮಾಡಿಸಿ ವಾರಕ್ಕೊಮ್ಮೆ ಹತ್ತಿದವನಿಗೆ ಟಿಕೆಟೇ ಅಗ್ಗ. ಇಷ್ಟು ಲೆಕ್ಕ ನಮ್ಮ ಪ್ರಯಾಣಿಕರಿಗೆ ಚೆನ್ನಾಗಿ ಗೊತ್ತು. ಅದೇ ಜನ ಜಿಮ್ಮಿನ ಬಾಗಿಲಿಗೆ ಹೋದಾಗ ಲೆಕ್ಕ ಮರೆಯುತ್ತಾರೆ.

ಅಮೇರಿಕದ ಇಬ್ಬರು ಅರ್ಥಶಾಸ್ತ್ರಜ್ಞರು ಮೂರು ಜಿಮ್ಮುಗಳ ಏಳು ಸಾವಿರಕ್ಕೂ ಮಿಕ್ಕಿದ ಸದಸ್ಯರ ಹಾಜರಿಯನ್ನು ಲೆಕ್ಕ ಹಾಕಿ 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟಿದವರು ಬರುತ್ತಿದ್ದದ್ದು ಸರಾಸರಿ ನಾಲ್ಕು ಸಲ ಚಿಲ್ಲರೆ. ಒಂದು ಸಲಕ್ಕೆ ಬಿದ್ದ ಖರ್ಚು 17 ಡಾಲರಿನ ಮೇಲೆ. ಅದೇ ಜಿಮ್ಮಿನಲ್ಲಿ ಹತ್ತು ಸಲದ ಪಾಸು ಕೊಂಡು ಹೋಗಿದ್ದರೆ ಒಂದು ಸಲಕ್ಕೆ 10 ಡಾಲರು! ನಾಳೆಯಿಂದ ದಿನಾ ಬರುತ್ತೇನೆ ಎಂಬ ನಮ್ಮದೇ ನಂಬಿಕೆಗೆ ನಾವು ಕಟ್ಟುವ ದಂಡ ಅದು.

ನಮ್ಮೂರಿನ ಲೆಕ್ಕಕ್ಕೆ ತರೋಣ. ಉದಾಹರಣೆಗೆ, ತಿಂಗಳಿಗೆ 1,000 ರೂ. ಎಂದಿಟ್ಟುಕೊಳ್ಳಿ. ‘ಇಂದೇ ಕಟ್ಟಿದರೆ ವರ್ಷದ 12 ಸಾವಿರದ್ದು 7 ಸಾವಿರಕ್ಕೆ’ ಎಂಬ ಆಸೆ ತೋರಿಸಿದರು. ಜನವರಿಯಲ್ಲಿ ಕಟ್ಟಿದಿರಿ. ಫೆಬ್ರವರಿಯಲ್ಲಿ ಉತ್ಸಾಹ. ಮಾರ್ಚಿನಲ್ಲಿ ಮಕ್ಕಳ ಪರೀಕ್ಷೆ. ಏಪ್ರಿಲ್, ಮೇ ಮದುವೆ, ಮುಂಜಿ, ಬಂಡಿ ಹಬ್ಬ. ಜೂನ್ ಬಂತೆಂದರೆ ನಮ್ಮ ಮಳೆ ನಿಮಗೆ ಗೊತ್ತೇ ಇದೆ, ದೋಣಿಯೇ ದಂಡೆಗೆ ಬಂದು ಕೂರುವ ಕಾಲದಲ್ಲಿ ಜಿಮ್ಮಿಗೆ ಯಾರು ಹೋಗುತ್ತಾರೆ? ಮೂರು ತಿಂಗಳು ಹೋದವನಿಗೆ ತಿಂಗಳ ಲೆಕ್ಕದಲ್ಲಿ 3 ಸಾವಿರ ಸಾಕಿತ್ತು. ಉಳಿದ 4 ಸಾವಿರ ನೀರುಪಾಲು. ಏಳು ತಿಂಗಳು ಬಿಡದೆ ಹೋದವನಿಗೆ ಮಾತ್ರ ಸಮ ಸಮ.

ಮುಂಗಡಕ್ಕೆ ಇನ್ನೊಂದು ಅಪಾಯ ಇದೆ. ಬಾಗಿಲು ಹಾಕಿದರೆ? ಇಡೀ ದೇಶಕ್ಕೆ ಹೆಸರಾಗಿದ್ದ ತಲ್ವಾಲ್ಕರ್ಸ್ ಶುರುವಾದದ್ದು 1932ರಲ್ಲಿ, ಮುಂಬಯಿಯಲ್ಲಿ. 1956ರವರೆಗೆ ಮುಂಬಯಿ ಸರಕಾರದ ಕೈಕೆಳಗಿದ್ದ ನಮ್ಮ ಜಿಲ್ಲೆಯ ಹಳಬರಿಗೂ ಪರಿಚಿತ ಹೆಸರು. 2010ರಲ್ಲಿ ಶೇರು ಪೇಟೆಗೂ ಬಂತು. 2019ರಲ್ಲಿ ಸಾಲ ತೀರಿಸಲಾಗದೆ ಕುಸಿಯಿತು, ಶಾಖೆಗಳು ಮುಚ್ಚಿದವು. ಅಷ್ಟು ದೊಡ್ಡದಕ್ಕೇ ಹಾಗಾದ ಮೇಲೆ ಬಾಡಿಗೆ ಮಾಳಿಗೆಯ ಮೇಲೆ ಕಳೆದ ವರ್ಷ ತೆರೆದ ಜಿಮ್ಮಿಗೆ ಮೂರು ವರ್ಷದ ದುಡ್ಡು ಮುಂಗಡ ಕೊಡುವವರ ಧೈರ್ಯ ಮೆಚ್ಚಬೇಕು!

ಪುಡಿ, ಆಮೇಲೆ ಸೂಜಿ

ಜಾಹೀರಾತು ಕರೆದು ತಂದ ಹುಡುಗನಿಗೆ ಒಳಗೆ ಇನ್ನೊಂದು ಜಾಹೀರಾತು ಕಾದಿರುತ್ತದೆ. ಪ್ರೋಟೀನ್ ಪುಡಿಯ ಡಬ್ಬಿ. ಸಾವಿರಾರು ರೂಪಾಯಿ. ದೇಹ ಬೆಳೆಸಲಿಕ್ಕೆ ಇಂಥ ಪುಡಿ ಬೇಡ ಎಂದು ಐ.ಸಿ.ಎಂ.ಆರ್.ನ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ನೂರು ಗ್ರಾಂ ಬಂಗಡೆಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ. ಕಾರವಾರದ ಮೀನು ಪೇಟೆಗೆ ಹೋಗಿ ಬಂದರೆ ಕಾಲಿಗೂ ವ್ಯಾಯಾಮ ಆದೀತು. ಮೀನು ತಿನ್ನದವರಿಗೆ ಹೆಸರು, ಕಡಲೆ, ಹಾಲು, ಮೊಸರು ಇವೆ. ಕೊಳ್ಳಲೇಬೇಕು ಎನ್ನುವವರು ಡಬ್ಬಿಯ ಮೇಲೆ ಎಫ್.ಎಸ್.ಎಸ್.ಎ.ಐ.ನ 14 ಅಂಕಿಯ ಲೈಸೆನ್ಸ್ ನಂಬರು ಇದೆಯೇ ನೋಡಲಿ, ಬಿಲ್ ಕೇಳಲಿ.

ಪುಡಿಯ ನಂತರದ ಮೆಟ್ಟಿಲು ಸೂಜಿ. ಸ್ನಾಯು ಉಬ್ಬಿಸುವ ಸ್ಟೆರಾಯ್ಡು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಅದು ಕಾನೂನು. ಹೃದಯ, ಪಿತ್ತಜನಕಾಂಗ, ಗಂಡಸುತನ ಮೂರಕ್ಕೂ ಅದು ಏಟು. ಯಾವ ಜಿಮ್ಮಿನಲ್ಲೇ ಆಗಲಿ ‘ಬೇಗ ಮೈ ಬರುವ’ ಸೂಜಿಯ ಮಾತು ಬಂದರೆ ಆ ಮನೆಯ ಮೆಟ್ಟಿಲು ಇಳಿಯುವುದೇ ಕ್ಷೇಮ.

2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ರಾಜ್ಯವೇ ಜಿಮ್ಮಿನ ಹೆಸರಿಗೆ ಬೆಚ್ಚಿತು. ವ್ಯಾಯಾಮವೇ ಕಾರಣ ಎಂದು ಯಾರೂ ಸಾಬೀತು ಮಾಡಿಲ್ಲ, ಹಾಗೆ ಹೆದರಿ ಬಿಡುವುದೂ ತಪ್ಪು. ಜಿಮ್ಮುಗಳಿಗೆ ಮಾರ್ಗಸೂಚಿ ತರುವ ಮಾತು ಆಗ ಸರಕಾರದ ಬಾಯಲ್ಲೂ ಬಂತು. ನಲವತ್ತು ದಾಟಿದವರು, ಬಿ.ಪಿ., ಶುಗರ್ ಇದ್ದವರು ಮೊದಲು ವೈದ್ಯರಿಗೆ ತೋರಿಸಿ ಬನ್ನಿ ಎಂಬ ಒಂದು ಸಾಲು ಹಾಕಲು ಫ್ಲೆಕ್ಸಿನಲ್ಲಿ ಜಾಗ ಇಲ್ಲವೇ?

ಕಾನೂನು ಇದೆ, ನೋಡುವವರು ಬೇಕು

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂ. ತನಕ, ಮತ್ತೆ ಮಾಡಿದರೆ 50 ಲಕ್ಷ ರೂ. ತನಕ ದಂಡ ಹಾಕುವ ಅಧಿಕಾರ ಅದರಲ್ಲಿದೆ. 2022ರ ಜೂನ್ 9ರಂದು ಬಂದ ಮಾರ್ಗಸೂಚಿ ಇನ್ನೂ ಸ್ಪಷ್ಟ. ಹೇಳಿದ ದರಕ್ಕೆ ಕೊಡುವ ಉದ್ದೇಶ ಇಲ್ಲದೆ ಆಮಿಷದ ದರ ಹಾಕುವಂತಿಲ್ಲ. ‘ಫ್ರೀ’ ಎಂದು ಕರೆದು ಬೇರೆ ಹೆಸರಿನಲ್ಲಿ ವಸೂಲಿ ಮಾಡುವಂತಿಲ್ಲ. ಷರತ್ತುಗಳನ್ನು ಆಶ್ವಾಸನೆಯ ಭಾಷೆಯಲ್ಲೇ, ಅದೇ ಅಕ್ಷರದಲ್ಲೇ ಹಾಕಬೇಕು. ಕನ್ನಡದಲ್ಲಿ ಆಸೆ, ಇಂಗ್ಲಿಷಿನಲ್ಲಿ ಇರುವೆ ಗಾತ್ರದ ಷರತ್ತು, ಈ ಆಟ ನಡೆಯುವಂತಿಲ್ಲ.

ದುಡ್ಡು ಪಡೆದು ಬಿಲ್ ಕೊಡದಿರುವುದೇ ಆ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ಮೋಸ ಆಯಿತು ಎನ್ನುವವರು 1915ಕ್ಕೆ ಫೋನ್ ಮಾಡಬಹುದು. ಕಾರವಾರದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷ ರೂ. ಒಳಗಿನ ವ್ಯವಹಾರಕ್ಕೆ ದೂರಿನ ಶುಲ್ಕ ಇಲ್ಲ, ವಕೀಲರು ಬೇಕೆಂಬ ಕಡ್ಡಾಯ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಬಿಲ್ ಇಲ್ಲದಿದ್ದರೆ ಮಾತ್ರ ಬಾಯಿ ಮಾತು ನಿಲ್ಲುವುದು ಕಷ್ಟ.

ತೆರಿಗೆಯದೂ ಒಂದು ಮಾತು. ಜಿಮ್ಮಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 18ರಿಂದ 5ಕ್ಕೆ ಇಳಿದಿದೆ. 7 ಸಾವಿರಕ್ಕೆ ಮೊದಲು 1,260 ರೂ. ತೆರಿಗೆ ಇದ್ದದ್ದು 350ಕ್ಕೆ ಬಂತು. ಇಳಿದದ್ದು ನಿಮ್ಮ ಕೈಗೆ ಬಂತೇ? ವರ್ಷಕ್ಕೆ 20 ಲಕ್ಷ ರೂ. ವ್ಯವಹಾರ ಇಲ್ಲದ ಸಣ್ಣ ಜಿಮ್ಮು ನೋಂದಣಿಯನ್ನೇ ಮಾಡಿಸಬೇಕಿಲ್ಲ. ನೋಂದಣಿ ಇಲ್ಲದವರು ತೆರಿಗೆ ಎಂದು ಒಂದು ಪೈಸೆಯೂ ಕೇಳುವ ಹಾಗಿಲ್ಲ.

ಇನ್ನು ನಮ್ಮ ನಗರಸಭೆ, ಪುರಸಭೆಯವರನ್ನು ಕೇಳೋಣ. 2016ರ ಮಾರ್ಚ್ 11ರ ಆದೇಶದಲ್ಲಿ ಪ್ಲಾಸ್ಟಿಕ್ ಚೀಲದ ಜೊತೆಗೆ ಪ್ಲಾಸ್ಟಿಕ್ ಬ್ಯಾನರು, ಫ್ಲೆಕ್ಸನ್ನೂ ರಾಜ್ಯ ಸರಕಾರ ನಿಷೇಧಿಸಿದೆ. ಸಾರ್ವಜನಿಕ ಸ್ಥಳ ವಿರೂಪ ಮಾಡಬಾರದು ಎಂಬ ಕಾನೂನು 1981ರಿಂದಲೂ ಇದೆ. ಹಾಗಾದರೆ ಕಂಬದ ಮೇಲಿನ ಪೈಲ್ವಾನ ಯಾವ ಧೈರ್ಯದ ಮೇಲೆ ನಿಂತಿದ್ದಾನೆ? ತರಕಾರಿ ಮಾರುವ ಹಾಲಕ್ಕಿ ಹೆಂಗಸಿನ ಬುಟ್ಟಿ ರಸ್ತೆಗೆ ಒಂದು ಗೇಣು ಬಂದರೆ ಎತ್ತಿಸುವ ಅಧಿಕಾರಿಗಳಿಗೆ ಹತ್ತು ಅಡಿಯ ಫ್ಲೆಕ್ಸು ಕಾಣುವುದಿಲ್ಲವೇ? ಮಳೆಗಾಳಿಗೆ ಹರಿದು ಸ್ಕೂಟರಿನವನ ಮುಖಕ್ಕೆ ಬಡಿದ ಮೇಲೆ ಕಾಣುತ್ತದೋ ಏನೋ!

ಜಿಮ್ಮಿನವರಿಗೂ ಎರಡು ಮಾತು

ಮಾಲೀಕರ ಕಷ್ಟ ನಮಗೆ ಗೊತ್ತಿಲ್ಲ ಎಂದಲ್ಲ. ಬ್ಯಾಂಕಿನ ಸಾಲದ ಮೇಲೆ ತಂದ ಯಂತ್ರ, ಕಟ್ಟಡದ ಬಾಡಿಗೆ, ಕರೆಂಟಿನ ಬಿಲ್ಲು, ಕಲಿಸುವವರ ಸಂಬಳ. ಮಳೆಗಾಲದಲ್ಲಿ ಗಿರಾಕಿ ಇಲ್ಲದಿದ್ದರೂ ಕಂತು ನಿಲ್ಲುವುದಿಲ್ಲ. ಅದಕ್ಕೇ ಮುಂಗಡದ ಆಸೆ. ಆದರೆ ಸ್ವಾಮೀ, ಈ ಎರಡು ಸಣ್ಣ ಪೇಟೆಯಲ್ಲಿ ಹುಡುಗರು ಎಷ್ಟು ಜನ ಇದ್ದಾರು? ಅವರೇ ಒಂದು ಜಿಮ್ಮಿನಿಂದ ಇನ್ನೊಂದಕ್ಕೆ ಆಫರಿನ ಹಿಂದೆ ಸುತ್ತುತ್ತಾರೆ. ನೂರಾರು ಅಂಗಡಿಕಾರರು, ದಿನಾ ಓಡಾಡುವ ನೌಕರರು, ಗೃಹಿಣಿಯರು ಇನ್ನೂ ನಿಮ್ಮ ಬಾಗಿಲನ್ನೇ ನೋಡಿಲ್ಲ. ಹೊಸ ಗಿರಾಕಿ ಇರುವುದು ಅಲ್ಲಿ.

ಅಂಗಡಿಕಾರರನ್ನು ಕೇಳಿದರೆ ಬರುವ ಉತ್ತರ ಒಂದೇ: “ನಮ್ಗೆಲ್ಲಿ ಪುರಸೊತ್ತು ಮಾರಾಯ್ರೇ, ಆ ಹುಡುಗ್ರ ನಡುವೆ ಹೋಗಿ ನಿಂತ್ರೆ ನಗ್ತಾರೆ.” ಇದಕ್ಕೆ ಔಷಧ ಫ್ಲೆಕ್ಸಿನಲ್ಲಿ ಇಲ್ಲ, ವ್ಯವಸ್ಥೆಯಲ್ಲಿ ಇದೆ. ಪೇಟೆ ಬಾಗಿಲು ಹಾಕುವ ಮಧ್ಯಾಹ್ನದ ಹೊತ್ತಿನಲ್ಲಿ, ಊಟಕ್ಕೆ ಮೊದಲು, ನಲವತ್ತು ದಾಟಿದವರಿಗೇ ಮುಕ್ಕಾಲು ತಾಸು ಇಡಿ. ಸಂಜೆ ಬಸ್ ಇಳಿಯುವವರಿಗೆ ಹೊಂದುವ ಸಮಯ ಇಡಿ. ವರ್ಷದ ಮುಂಗಡದ ಬದಲು ಹತ್ತು ಸಲದ ಕೂಪನ್ ಪುಸ್ತಕ ಮಾರಿ, ಬಂದ ದಿನ ಒಂದು ಹರಿದುಕೊಳ್ಳಿ. ಮಳೆಗಾಲದ ಎರಡು ತಿಂಗಳು ಬಾರದವರ ಅವಧಿಯನ್ನು ಮುಂದಕ್ಕೆ ಹಾಕಿ ಕೊಡಿ. ಶುಗರ್ ಇಳಿದ ಒಬ್ಬ ಅಂಗಡಿಕಾರ ತನ್ನ ಗಲ್ಲಾದ ಮೇಲೆ ಕೂತು ದಿನಕ್ಕೆ ಐವತ್ತು ಜನಕ್ಕೆ ಹೇಳುತ್ತಾನೆ. ಅಷ್ಟು ಅಗ್ಗದ ಜಾಹೀರಾತನ್ನು ಯಾವ ಫೇಸ್‌ಬುಕ್ಕಿನವರೂ ಕೊಡಲಾರರು.

ಆಗಬೇಕಾದ್ದು ಇಷ್ಟು

ಒಂದು: ಜಿಮ್ಮಿನ ಬೋರ್ಡಿನಲ್ಲಿ, ಕರಪತ್ರದಲ್ಲಿ, ಮೊಬೈಲಿನ ಜಾಹೀರಾತಿನಲ್ಲಿ ತಿಂಗಳ ದರ, ಕಲಿಸುವವರ ಹೆಸರು ಮತ್ತು ತರಬೇತಿ, ಹೆಂಗಸರ ಸಮಯ, ಬಿಟ್ಟರೆ ದುಡ್ಡು ವಾಪಸಿನ ನಿಯಮ, ಇವಿಷ್ಟು ಕನ್ನಡದಲ್ಲಿ ಇರಲಿ.

ಎರಡು: ಎರಡೂ ಊರಿನ ಸ್ಥಳೀಯ ಸಂಸ್ಥೆಗಳು ನಿಷೇಧಿತ ಫ್ಲೆಕ್ಸನ್ನು ಇಳಿಸಲಿ. ಜಿಮ್ಮಿನದನ್ನು ಮಾತ್ರ ಅಲ್ಲ, ಪುಢಾರಿಗಳದ್ದನ್ನೂ! ಪಾರ್ಕು, ಮೈದಾನ, ಕಡಲತೀರದ ನಡಿಗೆ ದಾರಿಗೆ ದೀಪ ಹಾಕಿ, ಬಯಲು ವ್ಯಾಯಾಮದ ಸಲಕರಣೆ ಇದ್ದಲ್ಲಿ ಅದಕ್ಕೆ ಎಣ್ಣೆ ಹಾಕಲಿ. ದುಡ್ಡಿಲ್ಲದವನ ಜಿಮ್ ಅದೇ.

ಮೂರು: ಔಷಧ ನಿಯಂತ್ರಣದವರು, ಆಹಾರ ಸುರಕ್ಷತೆಯವರು ವರ್ಷಕ್ಕೊಮ್ಮೆಯಾದರೂ ಪುಡಿ, ಸೂಜಿ ಮಾರುವ ಕಡೆ ಹಣಿಕಿ ನೋಡಲಿ.

ನಾಲ್ಕು: ಅಂಗಡಿಕಾರರು ತಮ್ಮ ಗೋಡೆಗೆ ಕಟ್ಟಲು ಬಂದ ಬ್ಯಾನರಿನಲ್ಲಿ ದರ ಇದೆಯೇ ಎಂದು ಕೇಳಲಿ. ಇಲ್ಲದಿದ್ದರೆ ಮಡಚಿ ವಾಪಸು ಕೊಡಲಿ. ಸೇರುವವರು ಮೊದಲ ಮೂರು ತಿಂಗಳು ತಿಂಗಳ ದುಡ್ಡೇ ಕಟ್ಟಲಿ, ಬಿಲ್ ತೆಗೆದುಕೊಳ್ಳಲಿ, ಮೂರು ತಿಂಗಳು ಬಿಡದೆ ಹೋದ ಮೇಲೆ ವರ್ಷದ ಮಾತು ಆಡಲಿ. ಲಕ್ಕಿ ಡ್ರಾ ಎಂದು ನಂಬರು ಬರೆಸಿಕೊಂಡು ದಿನಾ ಫೋನ್ ಮಾಡಿ ಕಾಡುವವರಿದ್ದರೆ 1909ಕ್ಕೆ ತಿಳಿಸಿದರೆ ಆ ಕಾಟಕ್ಕೂ ತಡೆ ಇದೆ.

ಜಿಲ್ಲಾಡಳಿತ ಮನಸ್ಸು ಮಾಡಿದರೆ ಒಂದು ಸಭೆ ಕರೆದು, ಜಿಮ್ಮಿನವರನ್ನೂ ವೈದ್ಯರನ್ನೂ ಕೂರಿಸಿ ಇದನ್ನು ಒಂದು ಸಂಜೆಯಲ್ಲಿ ಮುಗಿಸಬಹುದು. ಮಾಡುತ್ತಾರೋ, ಇಲ್ಲ ಇನ್ನೊಬ್ಬ ಅಂಗಡಿಕಾರ ಎದೆ ಹಿಡಿದುಕೊಂಡು ಮಣಿಪಾಲದ ದಾರಿ ಹಿಡಿಯುವ ತನಕ ಕಾಯುತ್ತಾರೋ, ಸಂಬಂಧಪಟ್ಟವರೇ ಉತ್ತರ ಹೇಳಬೇಕು.